ಚಕ್ರದ ಮೇಲಿನ ಬಟ್ಟೆ

ನನ್ನ ಹೊಸ ಕಾರಿನ ಚಕ್ರಗಳ ಮೇಲಿನ ಗೂಡಿನೊಳಗೆ ಪ್ಲಾಸ್ಟಿಕ್ ಇಲ್ಲ, ಬಟ್ಟೆ ಇದೆ. ಕಂಬಳಿಯ ಹಾಗೆ ಒತ್ತಿ ಮಾಡಿದ ದಪ್ಪನೆಯ ಕಪ್ಪು ಬಟ್ಟೆ. ಚಕ್ರ ಎರಚುವ ಕಲ್ಲು, ನೀರು ಅದಕ್ಕೆ ಬಡಿದರೂ ಸದ್ದು ಒಳಗೆ ಬರುವುದು ಕಡಿಮೆ. ಕಾರು ಆರಿಸುವಾಗ ಬಣ್ಣಕ್ಕಿಂತ ಮೊದಲು ನಾನು ಕೇಳಿದ್ದು ಇದನ್ನೇ. ಬಳ್ಳಾರಿಯ ಪಾರ್ವತಿನಗರದಿಂದ ಸಿರುಗುಪ್ಪದ ಕಾಲೇಜಿಗೆ ದಿನವೂ ಪಾಠ ಮಾಡಲು ಹೋಗಿಬರುವವಳು ನಾನು. ಬಸ್ಸಿನಲ್ಲಿ ಪಕ್ಕ ಕೂತವರೆಲ್ಲ ನನ್ನ ಮದುವೆಯ ವಿಚಾರ ಎತ್ತುತ್ತಿದ್ದರು. ಯಾರೂ ಏನೂ ಕೇಳದ ಒಂದು ಜಾಗ ನನಗೆ ಬೇಕಾಗಿತ್ತು.

ಪೂಜೆ ಕುರುಗೋಡಿನಲ್ಲಿ, ದೊಡ್ಡಪ್ಪನ ಮನೆ ಮುಂದೆ. ನಮ್ಮಲ್ಲಿ ಹೊಸ ಗಾಡಿ ಮೊದಲು ಹಿರಿಯರ ಬಾಗಿಲಿಗೆ ಹೋಗಬೇಕು. ಕಾರಿನ ಎರಡೂ ಕೀಲಿಗಳನ್ನು ತಟ್ಟೆಯಲ್ಲಿಟ್ಟು ಕುಂಕುಮ ಹಚ್ಚಿದರು. ಆರತಿ ಆದ ಮೇಲೆ ದೊಡ್ಡಪ್ಪ ಒಂದು ಕೀಲಿಯನ್ನು ನನ್ನ ಕೈಗೆ ಕೊಟ್ಟರು, ಇನ್ನೊಂದನ್ನು ತಮ್ಮ ಅಂಗಿಯ ಜೇಬಿಗೆ ಹಾಕಿಕೊಂಡರು.

"ಇದು ಇಲ್ಲೇ ಇರ್ಲವ್ವ. ಗಾಡಿ ಅಂದ ಮ್ಯಾಲ ಹಿರೇರ ಮನ್ಯಾಗ ಒಂದು ಕೀಲಿ ಇರ್ಬೇಕು."

"ಅದೂ ನನಗ ಬೇಕ್ರಿ, ದೊಡ್ಡಪ್ಪ."

"ಎಲ್ಡು ಕೈಯಾಗ ಎಲ್ಡು ಕೀಲಿ ಹಿಡ್ಕಂಡು ಓಡಿಸ್ತೀಯೇನು?" ಎಂದ ಅವರ ಮಗ, ನನ್ನ ಅಣ್ಣ. ಎಲ್ಲರೂ ನಕ್ಕರು. ಮಾತು ಅಲ್ಲಿಗೇ ಬಿಟ್ಟು ಊಟಕ್ಕೆ ಕೂರಿಸಿದರು, ನನ್ನ ಎಲೆಗೆ ಹೋಳಿಗೆ ಬಿತ್ತು.

ಊಟ ಮುಗಿದಿರಲಿಲ್ಲ, ಹೊರಗೆ ಕಾರು ಶುರುವಾದ ಸದ್ದು ಕೇಳಿತು. ಅಣ್ಣ ಆ ಕೀಲಿ ಇಸಿದುಕೊಂಡು ಗೆಳೆಯರಿಗೆ ತೋರಿಸಲು ಹೊಲದ ದಾರಿಗೆ ಒಯ್ದಿದ್ದ. ಹಿಂದಿನ ದಿನ ಮಳೆಯಾಗಿತ್ತು. ಎರೆಮಣ್ಣಿನ ದಾರಿ. ತಿರುಗಿ ಬಂದಾಗ ಚಕ್ರಕ್ಕೂ ಗೂಡಿಗೂ ನಡುವೆ ಬೆರಳು ಹೋಗದಷ್ಟು ಮಣ್ಣು ಮೆತ್ತಿತ್ತು.

ನಾನು ಕೈ ತೊಳೆದು ಬರುವಷ್ಟರಲ್ಲಿ ದೊಡ್ಡಪ್ಪ ಕಳೆ ತೆಗೆಯುವ ಕುರ್ಪಿ ಹಿಡಿದು ಮುಂದಿನ ಚಕ್ರದ ಬಳಿ ಕುಕ್ಕುರುಗಾಲಲ್ಲಿ ಕೂತಿದ್ದರು. ಟ್ರ್ಯಾಕ್ಟರಿಗೆ ಹಾಗೆಯೇ ಮಾಡುವುದು. ಎರೆಮಣ್ಣನ್ನು ಹಸಿ ಇದ್ದಾಗಲೇ ಕೆರೆಯಬೇಕು, ಒಣಗಿದರೆ ಕಲ್ಲು.

"ಭಾರಿ ಗಟ್ಟಿ ಹಿಡದೈತಲೇ," ಎಂದರು ಮಗನಿಗೆ. "ಹುಲ್ಲೂ ಕೂಡೈತಿ ಇದರಾಗ, ಎಳದ್ರೂ ಬರವಲ್ದು."

"ದೊಡ್ಡಪ್ಪ, ಅದು ಮಣ್ಣಲ್ರಿ! ಬಟ್ಟಿ. ಕಾರಿಂದು."

ಆಗಲೇ ಗೇಣುದ್ದದ ಚೂರು ಅವರ ಕೈಗೆ ಬಂದಿತ್ತು. ಅದನ್ನು ಜಾಡಿಸಿ, ತಿರುಗಿಸಿ ನೋಡಿದರು. "ಕಾರಿಗ್ಯಾಕವ್ವ ಕಂಬಳಿ?"

"ಚಳಿ ಆಗ್ತೈತಿ ಅದಕ್ಕ," ಎಂದ ಅಣ್ಣ. "ನಿನಗ ಟೋಪಿ ಹಾಕ್ಯಾರ ತಂಗಿ. ನನ್ನ ಕರ್ಕಂಡು ಹೋಗಿದ್ರ ಬಟ್ಟಿ ಹೊಡದ ಗಾಡಿ ತರಾಕ ಬಿಡ್ತಿದ್ದಿಲ್ಲ."

"ನಾನೇ ಕೇಳಿ ತಗಂಡೀನಿ. ಕೀಲಿ ಕೊಡು."

"ತಡಿ, ಮಣ್ಣು ತೆಗದು..."

"ಮಣ್ಣು ನಾ ತೊಳ್ಕಂತೀನಿ. ಕೀಲಿ."

ಕೈ ಚಾಚಿ ನಿಂತೆ. ಎದುರು ಮನೆಯವರು ಕಟ್ಟೆಯ ಮೇಲಿಂದ ನೋಡುತ್ತಿದ್ದರು. ಜನರೆದುರು ದನಿ ಎತ್ತುವುದು ನನ್ನಿಂದಾಗದು. ಆದರೆ ಚಾಚಿದ ಕೈಯನ್ನು ಹಿಂದಕ್ಕೆ ತೆಗೆಯದೆ ನಿಲ್ಲುವುದು ಆಗುತ್ತದೆ ಎಂದು ಅಂದು ತಿಳಿಯಿತು.

"ಹಿರೇರ ಮ್ಯಾಲ ನಂಬಿಕಿ ಇಲ್ಲೇನು?" ದೊಡ್ಡಪ್ಪ ಕೇಳಿದರು.

"ನಂಬಿಕಿ ಐತ್ರಿ. ಕಾರು ನಂದು."

ಅವರು ಕುರ್ಪಿ ಕೆಳಗಿಟ್ಟರು. ನನ್ನ ಕೈಯನ್ನೂ ಎದುರುಮನೆಯ ಕಟ್ಟೆಯನ್ನೂ ನೋಡಿದರು. "ಕೊಡಲೇ," ಎಂದರು ಮಗನಿಗೆ.

ಕೀಲಿ ಬಂತು. ಅದರ ಮೇಲೆ ಕುಂಕುಮ ಇನ್ನೂ ಇತ್ತು. ಮೋಟಾರಿನ ಪೈಪು ಹಿಡಿದು, ಕೆರೆಯದೆ, ನಾಲ್ಕೂ ಗೂಡುಗಳನ್ನು ನಾನೇ ತೊಳೆದೆ. ಚೂಡಿದಾರ ಮೊಣಕಾಲವರೆಗೆ ಕೆಸರಾಯಿತು. ಯಾರೂ ಸಹಾಯಕ್ಕೆ ಬರಲಿಲ್ಲ, ನಾನೂ ಕರೆಯಲಿಲ್ಲ. ಬಳ್ಳಾರಿ ಮುಟ್ಟುವವರೆಗೂ ಹರಿದ ಅಂಚು ಚಕ್ರಕ್ಕೆ ಪಟಪಟ ಬಡಿಯುತ್ತಲೇ ಇತ್ತು. ಸದ್ದು ಬೇಡವೆಂದು ಕೊಂಡ ಕಾರು. ಆ ದಿನ ಅದು ನನಗೆ ಕಿರಿಕಿರಿ ಅನ್ನಿಸಲಿಲ್ಲ.

ಸರ್ವಿಸ್ ಮಾಡುವವರು, "ನಮ್ಮ ಕಡಿ ಮಣ್ಣಿಗೆ ಇದು ತಡ್ಯಂಗಿಲ್ರಿ ಮೇಡಂ, ಪ್ಲಾಸ್ಟಿಕ್ ಕೂಡಿಸಿಬಿಡ್ಲಾ?" ಎಂದರು. ಬಟ್ಟೆಯನ್ನೇ ಹಾಕಿಸಿದೆ.

ಆಯುಧ ಪೂಜೆಗೆ ಮತ್ತೆ ಕುರುಗೋಡಿಗೆ ಹೋದೆ. ದೊಡ್ಡಪ್ಪ ಬಗ್ಗಿ ಚಕ್ರದ ಮೇಲೆ ಕೈಯಾಡಿಸಿದರು.

"ಮತ್ತ ಕಂಬಳಿನೇ?"

"ಹೂಂರಿ, ಕಂಬಳಿನೇ."

ಆರತಿ ಆಯಿತು. ಅವರು ತಟ್ಟೆಯತ್ತ ಕೈ ಚಾಚುವ ಮೊದಲೇ ಎರಡೂ ಕೀಲಿಗಳನ್ನು ನಾನು ಎತ್ತಿಕೊಂಡೆ.