ಎರಡು ದಿನ ಬಿಟ್ಟು ಕೊಯ್ಯಿ

ಆ ದಿನವೂ ಎಂದಿನಂತೆ ಬುತ್ತಿ ಒಯ್ದೆ. ನನ್ನ ಗಂಡ ದ್ರಾಕ್ಷಿ ತೋಟದ ಮೇಲಿನ ಸಾಲಿನಲ್ಲಿ ಕಲ್ಲಿನ ಮೇಲೆ ಕುಳಿತಿದ್ದರು.

ನಮ್ಮದು ಎತ್ತರದ ಒಣ ನೆಲ. ಹಗಲು ಬಿಸಿಲು ಚರ್ಮ ಸುಲಿಯುತ್ತದೆ, ಕತ್ತಲಾದರೆ ಹಲ್ಲು ಕಟಕಟ. ಬೆಟ್ಟದ ಹಿಮ ಕರಗಿ ಕಾಲುವೆಗೆ ಬಂದಷ್ಟೇ ನೀರು. ಇಲ್ಲಿನ ಬಿಳಿ ದ್ರಾಕ್ಷಿಗೆ ಮಲ್ಲಿಗೆಯ ಪರಿಮಳ. ಅದರಿಂದ ವೈನ್ ಮಾಡುತ್ತಾರೆ. ಬೇಗ ಕೊಯ್ದರೆ ಹಸಿ ಹುಲ್ಲಿನ ವಾಸನೆ, ತಡವಾದರೆ ಬಾಡಿದ ಹೂವಿನದು. ಕೊಯ್ಯುವ ದಿನ ಯಾವುದೆಂದು ಹೇಳುವುದೇ ನನ್ನ ಗಂಡನ ಕೆಲಸ. ಮೂವತ್ತು ವರ್ಷ ಒಂದು ಸಲವೂ ತಪ್ಪಲಿಲ್ಲ.

ಕೊನೆಯ ಮೂರು ವರ್ಷ ಹೇಳಿದ್ದು ನಾನು.

ಒಂದು ಜ್ವರ ಬಂತು, ಅವರಿಗೆ ವಾಸನೆ ತಿಳಿಯದಾಯಿತು. ಅಡುಗೆ ತಳ ಹಿಡಿದರೂ "ಚೆನ್ನಾಗಿದೆ" ಎಂದು ಉಂಡರು. ಹಾಗೆ ನನಗೆ ಗೊತ್ತಾಯಿತು. ಯಾರಿಗೂ ಹೇಳಬೇಡ ಎಂದು ಕೈ ಹಿಡಿದು ಅತ್ತರು. ಕೆಲಸಕ್ಕಾಗಿ ಅಲ್ಲ, ಹೆಸರು ಹೋದೀತೆಂದು. ಮದುವೆಯಾದಾಗಿನಿಂದ ಹಣ್ಣು ತಂದು ಮೂಸಿಸಿ ಮೂಸಿಸಿ ನನಗೂ ಕಲಿಸಿದ್ದರು. ಬುತ್ತಿಯ ನೆಪದಲ್ಲಿ ಹೋಗಿ ನಾನೇ ಹಣ್ಣು ಹಿಚುಕಿ ನೋಡತೊಡಗಿದೆ.

"ಏನಂತೆ ಹಣ್ಣು?" ಎಂದರು ಆ ದಿನ.

"ಕಿತ್ತಳೆ ಸಿಪ್ಪೆಯ ವಾಸನೆ ಬಂದಿದೆ. ಮಲ್ಲಿಗೆ ಇನ್ನೂ ಪೂರ್ತಿ ಬಂದಿಲ್ಲ. ಎರಡು ದಿನ ಬಿಡಿ."

"ನಮ್ಮ ವೈನು ನೋಡು, ಮೂಸಿದ್ರೆ ಸಿಹಿ, ಬಾಯಿಗೆ ಹಾಕಿದ್ರೆ ಸಿಹೀನೇ ಇಲ್ಲ. ನೀನು ಇದರ ಉಲ್ಟಾ ಕಣೇ. ಮಾತು ಖಾರ, ಒಳಗೆ..."

"ಒಳಗೆ ಏನ್ರೀ?"

"ಒಳಗೂ ಖಾರಾನೇ ಬಿಡು."

ಬುತ್ತಿ ಡಬ್ಬಿಯ ಮುಚ್ಚಳ ಎಸೆದೆ. ತಪ್ಪಿಸಿಕೊಂಡು ನಕ್ಕರು.

ಮರುದಿನ ಬೆಳಿಗ್ಗೆ ಬೂಟಿನ ಲಾಡಿ ಕಟ್ಟಲು ಬಗ್ಗಿದವರು ಏಳಲಿಲ್ಲ. ಒಂದು ಕಾಲಿನದು ಮಾತ್ರ ಕಟ್ಟಿತ್ತು.

ಸಂಜೆ ತೋಟದ ಧಣಿ ಬಂದರು. ಟೋಪಿ ಕೈಯಲ್ಲಿ ಹಿಡಿದು ಬಾಗಿಲಲ್ಲೇ ನಿಂತರು.

"ಕೇಳೋ ಹೊತ್ತಲ್ಲ ಕಣಮ್ಮ. ಆದ್ರೆ ಹಣ್ಣು ಕಾಯಲ್ಲ."

"ನಾಳೆ ಕೊಯ್ಯಿರಿ. ಎರಡು ದಿನ ಬಿಟ್ಟು ಅಂತ ನಿನ್ನೆ ಹೇಳಿದ್ರು."

"ಅವನು ಹೇಳಿದ್ದೋ, ನೀನು ಹೇಳಿದ್ದೋ?"

"ಅವರೇ."

"ಹೋದ ವರ್ಷ ವೈನಿನ ಒಂದು ಪೀಪಾಯಿ ಕೆಟ್ಟು ಕೋಣೆಯೆಲ್ಲ ಗಬ್ಬು ನಾರ್ತಿತ್ತು. ನಾವೆಲ್ಲ ಮೂಗು ಮುಚ್ಚಿಕೊಂಡು ಹೊರಗೆ ಓಡಿದ್ವಿ. ಇವನು ಅದರ ಪಕ್ಕದಲ್ಲೇ ಕೂತು ಊಟ ಮಾಡ್ತಿದ್ದ. ಅವತ್ತೇ ಗೊತ್ತಾಯ್ತಮ್ಮ, ಇವನಿಗೆ ವಾಸನೆ ಇಲ್ಲ, ಬುತ್ತಿ ತರೋ ನೀನೇ ಹಣ್ಣು ನೋಡ್ತಿದ್ದೀಯ ಅಂತ."

ನನಗೆ ಸಿಟ್ಟು ಬಂತು. "ಗೊತ್ತಿದ್ದು ಒಂದು ಮಾತು ಹೇಳಬಾರದಿತ್ತಾ? ಮೂರು ವರ್ಷ ಎಷ್ಟು ಹೆದರಿಕೊಂಡು ಬದುಕಿದ್ರು ಗೊತ್ತಾ ನಿಮಗೆ?"

"ಹೇಳಿದ್ರೆ ಮಾರನೇ ದಿನವೇ ಕೆಲಸ ಬಿಡ್ತಿದ್ದ. ಅವನನ್ನ ಕಳ್ಕೊಳ್ಳೋಕೆ ನನಗೆ ಮನಸ್ಸಿರಲಿಲ್ಲ."

ಆಗ ನಾನು ಅತ್ತುಬಿಟ್ಟೆ. ಬೆಳಿಗ್ಗೆಯಿಂದ ಅತ್ತಿರಲಿಲ್ಲ.

ಮರುದಿನ ಬಿಸಿಲೇರುವ ಮೊದಲೇ ಕೊಯ್ದರು. ಮಧ್ಯಾಹ್ನ ಅವರನ್ನು ಮಣ್ಣು ಮಾಡಿದೆವು. ಕೂಲಿಯವರೆಲ್ಲ ದ್ರಾಕ್ಷಿ ರಸದ ಅಂಟು ಕೈಯಲ್ಲೇ ಬಂದಿದ್ದರು. ಆ ಸಲದ ವೈನ್ ಚೆನ್ನಾಗಿ ಬಂತು. ಅದು ಅವನು ಹೇಳಿದ ದಿನದ ವೈನ್ ಎಂದು ಧಣಿ ಎಲ್ಲರಿಗೂ ಹೇಳಿದರು. ನಾನು ತಲೆಯಾಡಿಸಿದೆ.

ಈಗ ನಿಜ ಬರೆದಿದ್ದೇನೆ. ಇಪ್ಪತ್ತೇಳು ವರ್ಷ ಅವರ ಮೂಗು, ಮೂರು ವರ್ಷ ಅವರು ಕಲಿಸಿದ ಮೂಗು. ಇದರಲ್ಲಿ ಹೆಸರು ಕೆಡುವಂಥದ್ದೇನೂ ನನಗೆ ಕಾಣುವುದಿಲ್ಲ.

ಕೊಯ್ಯುವ ದಿನ ಹೇಳುವ ಕೆಲಸ ಈಗ ನನ್ನದು. ಪೀಪಾಯಿಗಳನ್ನೂ ನಾನೇ ನೋಡುತ್ತೇನೆ. ಬೆಳಿಗ್ಗೆ ಎದ್ದವಳೇ ವೈನಿನ ಕೋಣೆಗೆ ಹೋಗುತ್ತೇನೆ. ಪೀಪಾಯಿಯ ಬಿರಡೆ ತೆಗೆದು, ಲೋಟಕ್ಕೆ ಒಂದು ಗುಟುಕು ಹಾಕಿ ಮೂಸುತ್ತೇನೆ. ಧಣಿ ಬರುವುದು ಎಂಟಕ್ಕೆ. ಅದಕ್ಕೂ ಮೊದಲು, ನನ್ನ ಗಂಡ ಕೂರುತ್ತಿದ್ದ ಸ್ಟೂಲಿನ ಕಡೆ ತಿರುಗಿ ಹೇಳುತ್ತೇನೆ.

"ಮಲ್ಲಿಗೆ ಇದೆ ಕಣ್ರೀ. ಕಿತ್ತಳೆ ಸಿಪ್ಪೆ ಸ್ವಲ್ಪ. ಹುಳಿ ಇಲ್ಲ."

ಆಮೇಲೆ ಬಿರಡೆ ಒತ್ತಿ, ಲೋಟ ತೊಳೆದು ಬೋರಲು ಹಾಕುತ್ತೇನೆ.