ದೇಶಕ್ಕ ಕುಂತು ಬಂದಾಕಿ

ಪಡಸಾಲೆಯಲ್ಲಿ ಕೂತು ಒಣಮೆಣಸಿನಕಾಯಿಯ ತೊಟ್ಟು ಮುರಿಯುತ್ತಿದ್ದೆ. ವರ್ಷದ ಖಾರಪುಡಿಗೆಂದು ತಂದ ಚೀಲ ಅರ್ಧಕ್ಕೆ ಬಂದಿತ್ತು. ಅಷ್ಟರಲ್ಲಿ ಹಡಗಲಿಯಿಂದ ಮಗಳು ದಾಕ್ಷಿಯ ಫೋನ್. ಅಲ್ಲಿ ಪೊಲೀಸ್ ಕೆಲಸದಲ್ಲಿದ್ದಾಳೆ. ಡ್ಯೂಟಿಯ ಹೊತ್ತಿನಲ್ಲಿ ಸುಮ್ಮನೆ ಫೋನ್ ಮಾಡುವವಳಲ್ಲ.

"ಅವ್ವಾ, ಮಾಳಮ್ಮ ಟೀಚರ್ ಹೋದ್ರಂತ. ಬೆಳಿಗ್ಗೆ, ಗುಡೇಕೋಟ್ಯಾಗ. ನಾ ರಜಾ ಹಾಕಿ ಬರ್ತೀನಿ, ಕೂಡೇ ಹೋಗೋಣು."

ಕಣ್ಣು ಒರೆಸಿಕೊಳ್ಳಲು ಎತ್ತಿದ ಕೈಯನ್ನು ಹಾಗೇ ಇಳಿಸಿದೆ. ಬೆರಳಿಗೆಲ್ಲ ಖಾರ. ನೀರು ತಾನಾಗಿ ಆರುವವರೆಗೆ ಗೋಡೆಗೆ ಒರಗಿಕೊಂಡೆ. ಈ ವಯಸ್ಸಿನಲ್ಲಿ ಅಳುವುದಕ್ಕೂ ತ್ರಾಣ ಬೇಕು.

ಟೀಚರ್ ಅಂದರೆ ನನ್ನ ಕಣ್ಣ ಮುಂದೆ ಬರುವುದು ನಿಂತಿರುವ ಹೆಂಗಸು. ಕೊಟ್ಟೂರಿನಲ್ಲಿ ನಮ್ಮ ಪಕ್ಕದ ಬಾಡಿಗೆ ಮನೆಯಲ್ಲಿ ಹನ್ನೊಂದು ವರ್ಷ ಇದ್ದರು. ಹೈಸ್ಕೂಲಿನಲ್ಲಿ ಆಟ ಕಲಿಸುತ್ತಿದ್ದರು. ಅಷ್ಟು ವರ್ಷದಲ್ಲಿ ನಮ್ಮ ಕಟ್ಟೆಯ ಮೇಲೆ ಒಂದು ಸಲವೂ ಕೂರಲಿಲ್ಲ. ಚಹಾ ಕೊಟ್ಟರೆ ಕಂಬದ ಪಕ್ಕ ನಿಂತೇ ಕುಡಿಯುವರು. ಮದುವೆಗೆ ಹೋದರೆ ಬಡಿಸುವವರ ಜತೆ ಸೇರಿಕೊಂಡು, ಕಡೆಗೆ ಒಲೆಯ ಹತ್ತಿರ ನಿಂತು ನಾಲ್ಕು ತುತ್ತು ಉಣ್ಣುವರು. ಕೂತುಕೊಳ್ಳಿ ಅಂದವರಿಗೆಲ್ಲ ಒಂದೇ ಉತ್ತರ:

"ಕುಂತಿದ್ದು ಸಾಕಾಗೇತ್ರಿ. ದೇಶಕ್ಕ ಕುಂತು ಬಂದಾಕಿ ನಾನು."

ಅದು ತಮಾಷೆಯ ಮಾತಾಗಿರಲಿಲ್ಲ. ಹರೆಯದಲ್ಲಿ ಅವರು ಭಾರತದ ಹೆಣ್ಣುಮಕ್ಕಳ ಹ್ಯಾಂಡ್‌ಬಾಲ್ ತಂಡದ ಎರಡನೆಯ ಗೋಲ್‌ಕೀಪರಾಗಿ ಒಮ್ಮೆ ಹೊರದೇಶಕ್ಕೆ ಹೋಗಿದ್ದರು. ಹೆಸರು ಬರೆದ ಅಂಗಿ ಕೊಟ್ಟರು, ವಿಮಾನ ಹತ್ತಿಸಿದರು. ಅಲ್ಲಿ ಪಂದ್ಯ ಮುಗಿಯುವವರೆಗೂ ಬೆಂಚಿನ ಮೇಲೆ ಕೂರಿಸಿದರು. ಒಂದು ನಿಮಿಷವೂ ಒಳಗೆ ಇಳಿಸಲಿಲ್ಲ. ಹೋದ ಹಾಗೇ ವಾಪಸ್ಸು ಬಂದರು.

ಗೋಲು ಕಾಯುವುದನ್ನು ಅವರಿಗೆ ಯಾರೂ ಕಲಿಸಿರಲಿಲ್ಲ. ಗುಡೇಕೋಟೆಯಲ್ಲಿ ಅವರ ಅಪ್ಪ ಕುರಿ ಸಾಕುತ್ತಿದ್ದ. ಸಂಜೆ ತಾಯಿಕುರಿಗಳು ಮೇದು ಬಂದಾಗ ಮರಿಗಳೆಲ್ಲ ಒಟ್ಟಿಗೆ ಹಟ್ಟಿಯ ಬಾಗಿಲಿಗೆ ನುಗ್ಗುತ್ತವೆ. ಒಂದೊಂದೇ ಬಿಡಲಿಕ್ಕೆ ಈ ಹುಡುಗಿ ಕೈಕಾಲು ಅಗಲಿಸಿ ಬಾಗಿಲಲ್ಲಿ ನಿಲ್ಲುತ್ತಿದ್ದಳಂತೆ. "ಮರಿ ಎತ್ಲಾಗ ಜಿಗಿತೈತಿ ಅಂತ ಅದರ ಕಿವಿ ನೋಡಿದ್ರ ತಿಳಿತೈತಿ, ಆಟಗಾರ್ತಿದು ಮೊಣಕೈ ನೋಡ್ಬೇಕು, ಅಷ್ಟ ಫರಕು" ಅನ್ನುತ್ತಿದ್ದರು.

ಊರಿನವರಿಗೆ ಈ ಆಟದ ಗಂಧವಿರಲಿಲ್ಲ. ವಾಲಿಬಾಲೇನ್ರಿ ಅಂತ ಕೇಳುವರು. ಅಲ್ಲ, ಏಳು ಮಂದಿ ಏಳು ಮಂದಿ, ಕೈಯಿಂದ ಗೋಲು ಹೊಡೆಯೂದು ಅಂತ ಬೇಸರವಿಲ್ಲದೆ ಹೇಳುವರು. ಸಂಜೆ ನಾನು ಕಟ್ಟೆಯ ಮೇಲೆ ಅಕ್ಕಿ ಆರಿಸುತ್ತಾ ಕೂತರೆ, ನಿಂತುಕೊಂಡೇ ತಂಡದ ಕಥೆ ಶುರುಮಾಡುವರು. ಏಷ್ಯಾದ ದೊಡ್ಡ ಕೂಟಗಳಲ್ಲಿ ಕೊರಿಯಾ, ಜಪಾನಿನವರ ಮುಂದೆ ನಮ್ಮ ಹುಡುಗಿಯರು ಸೋತದ್ದೇ ಹೆಚ್ಚು. ಯಾವ ಸೋಲಿನಲ್ಲಿ ಯಾರು ಎಷ್ಟು ಹೊತ್ತು ತಡೆದು ನಿಂತರು ಎಂಬುದೆಲ್ಲ ಅವರಿಗೆ ಬಾಯಿಪಾಠ. ನನಗೆ ಅರ್ಧ ತಿಳಿಯುತ್ತಿರಲಿಲ್ಲ, ಆದರೂ ಕೇಳುತ್ತಿದ್ದೆ. ಸೋತವರ ಕಥೆಯನ್ನು ಅಷ್ಟು ಮುತುವರ್ಜಿಯಿಂದ ಹೇಳುವವರನ್ನು ನಾನು ಬೇರೆ ಕಂಡಿಲ್ಲ.

ಗೆಲುವೂ ಇತ್ತು. ದಕ್ಷಿಣ ಏಷ್ಯಾದ ಕೂಟದಲ್ಲಿ ನಮ್ಮವರು ಚಿನ್ನ ತಂದ ದಿನ ಟೀಚರ್ ಓಣಿಗೆಲ್ಲ ಮಂಡಕ್ಕಿ ಮಿರ್ಚಿ ಹಂಚಿದರು. ಪೇಪರಿನಲ್ಲಿ ಒಂದು ಮೂಲೆಯಲ್ಲಿ ನಾಲ್ಕು ಸಾಲು ಬಂದಿತ್ತು. ಎದುರು ಮನೆಯ ಅಜ್ಜ ಮಿರ್ಚಿ ಕಡಿಯುತ್ತಾ, "ಕ್ರಿಕೆಟ್ ಗೆದ್ವೇನವ್ವಾ?" ಅಂದ. "ಹ್ಞೂಂ ತಿನ್ನಜ್ಜ, ಅದರ ತಂಗಿ ಗೆದ್ದಾಳ" ಅಂದರು.

ಅವರಿಗಿದ್ದ ಆಸೆ ಒಂದೇ. ತಮ್ಮ ಕೈಯಲ್ಲಿ ಬೆಳೆದ ಒಬ್ಬ ಹುಡುಗಿ ದೇಶದ ಅಂಗಿ ಹಾಕಿಕೊಂಡು, ಬೆಂಚಿನಲ್ಲಲ್ಲ, ಅಂಕಣದೊಳಗೆ ನಿಲ್ಲಬೇಕು. ಶಾಲೆಯ ಮೈದಾನದಲ್ಲಿ ಸುಣ್ಣದ ಗೆರೆ ಎಳೆದು, ಎಷ್ಟೋ ಹುಡುಗಿಯರನ್ನು ಓಡಿಸಿ ಓಡಿಸಿ ನೋಡಿದರು. ಆ ಆಸೆ ಕಡೆಗೆ ಬಂದು ಕೂತದ್ದು ನನ್ನ ದಾಕ್ಷಿಯ ಮೇಲೆ.

ನಮ್ಮ ಯಜಮಾನರು ಒಪ್ಪಿರಲಿಲ್ಲ. ಹೆಣ್ಣುಹುಡುಗಿ ಚಡ್ಡಿ ಹಾಕಿಕೊಂಡು ಊರೂರು ತಿರುಗುವುದೆ ಅಂತ ವಾರಗಟ್ಟಲೆ ಹೂಂ ಅನ್ನಲಿಲ್ಲ, ಉಹೂಂ ಅನ್ನಲಿಲ್ಲ. ಒಂದು ದಿನ ಟೀಚರ್ ಹೊಸ್ತಿಲ ಹೊರಗೆ ನಿಂತು ಹೇಳಿದರು: "ಯಜಮಾನ್ರ, ನಮ್ಮ ಆಟದಾಗ ಚೆಂಡು ಹಿಡಕೊಂಡು ಮೂರ ಹೆಜ್ಜಿ ಇಡಬೌದು. ಆಮ್ಯಾಗ ಯಾರಿಗರ ಕೊಡ್ಬೇಕು, ಇಲ್ಲಾ ಒಗಿಬೇಕು. ನಿಮ್ದು ಮೂರು ಹೆಜ್ಜಿ ಆಗಿ ತಿಂಗಳಾತು." ಯಜಮಾನರಿಗೆ ನಗು ತಡೆಯಲಾಗಲಿಲ್ಲ. ದಾಕ್ಷಿ ಮೈದಾನಕ್ಕೆ ಇಳಿದಳು.

ನಾಲ್ಕು ವರ್ಷಕ್ಕೆ ರಾಜ್ಯದ ತಂಡ ಸೇರಿದಳು. ಆಮೇಲೆ ರಾಷ್ಟ್ರೀಯ ಕಿರಿಯರ ಶಿಬಿರಕ್ಕೆ ಆರಿಸುತ್ತಾರೆ, ಬರಬೇಕು ಅಂತ ಕರೆ ಬಂತು. ಟೀಚರ್ ಆ ವಾರವೆಲ್ಲ ಸರಿಯಾಗಿ ಉಣ್ಣಲಿಲ್ಲ.

ನಾನು ಏನು ಮಾಡಿದೆ ಅಂದರೆ, ಅದನ್ನು ಬರೆಯಲಿಕ್ಕೂ ಕೈ ಬರುವುದಿಲ್ಲ. ಹೊರದೇಶದ ಆಟಗಾರ್ತಿಯರು ಬೆರಳಿಗೆ ಒಂಥರ ಅಂಟು ಹಚ್ಚಿಕೊಳ್ಳುತ್ತಾರೆ, ಚೆಂಡು ಕೈಬಿಡುವುದಿಲ್ಲ ಅಂತ ಟೀಚರೇ ಹೇಳಿದ್ದನ್ನು ಕೇಳಿದ್ದೆ. ಅವರು ಅಂಟು ಹಚ್ಚಿದರೆ ನನ್ನ ಮಗಳಿಗೆ ಮೈಲಾರಲಿಂಗನೇ ಇದ್ದಾನಲ್ಲ ಅನ್ನಿಸಿತು. ಮೈಲಾರದಿಂದ ತಂದಿದ್ದ ಭಂಡಾರ, ದೇವರ ಮುಂದಿನ ಅರಿಶಿನದ ಪುಡಿ, ಒಂದು ಹಿಡಿ ಬಟ್ಟೆಯಲ್ಲಿ ಕಟ್ಟಿ ದಾಕ್ಷಿಯ ಚೀಲದಲ್ಲಿಟ್ಟೆ. ಆಟಕ್ಕೆ ಇಳಿಯುವಾಗ ಎರಡೂ ಅಂಗೈಗೆ ಒರೆಸಿಕೋ, ಟೀಚರಿಗೆ ಹೇಳಬೇಡ, ನಗುತ್ತಾರೆ ಅಂದೆ. ಹೇಳಿದ ಮಾತು ಮೀರುವ ಹುಡುಗಿಯಲ್ಲ.

ಟೀಚರೇ ಅವಳನ್ನು ಕರೆದುಕೊಂಡು ಹೋಗಿ ಮೂರನೆಯ ದಿನ ವಾಪಸ್ಸು ಬಂದರು. ದಾಕ್ಷಿ ಸೀದಾ ಒಳಗೆ ಹೋಗಿ ಮಲಗಿದಳು. ಟೀಚರ್ ಬಾಗಿಲಲ್ಲೇ ನಿಂತು, "ಎತ್ತರ ಸಾಲಂಗಿಲ್ಲ ಅಂದ್ರು ಕೊಟ್ರಮ್ಮ. ಆಟದಾಗ ಏನೂ ತಪ್ಪಿಲ್ಲ" ಅಂದರು. ನಾನು ನಂಬಿದೆ. ನಮ್ಮ ಮನೆತನದವರೆಲ್ಲ ಕುಳ್ಳರು ಅಂತ ನನ್ನ ಹಣೆಬರಹ ಹಳಿದುಕೊಂಡೆ. ಆಟದ ಸರ್ಟಿಫಿಕೇಟಿನಿಂದಲೇ ಮುಂದೆ ಅವಳಿಗೆ ಪೊಲೀಸ್ ಕೆಲಸ ಸಿಕ್ಕಿತು. ಇಷ್ಟಾದರೂ ಕೊಟ್ಟೆಯಲ್ಲಪ್ಪ ಅಂತ ದೇವರಿಗೆ ಕಾಯಿ ಒಡೆಸಿದೆ.

ನಿಜ ತಿಳಿದದ್ದು ಹೋದ ವರ್ಷ. ರಜೆಗೆ ಬಂದಿದ್ದ ದಾಕ್ಷಿ ಊಟ ಮಾಡುತ್ತಾ ಮಾತಿಗೆ ಮಾತು ಬಂದು ಬಾಯಿಬಿಟ್ಟಳು. ಪುಡಿ ಹಚ್ಚಿದ ಕೈಯಿಂದ ಚೆಂಡು ಮತ್ತೆ ಮತ್ತೆ ಜಾರಿತಂತೆ. ಚೆಂಡೆಲ್ಲ ಹಳದಿ. ಆರಿಸುವವರು ಎರಡು ಸಲ ನೋಡಿ, ಮುಂದಿನವಳನ್ನು ಕರೆದರಂತೆ. ಎತ್ತರದ ಮಾತು ಯಾರೂ ಎತ್ತಿರಲಿಲ್ಲ. ನಿಮ್ಮವ್ವಗ ಇದನ್ನ ಹೇಳಬ್ಯಾಡ ಅಂತ ಟೀಚರ್ ಆಣೆ ಹಾಕಿಸಿಕೊಂಡಿದ್ದರು.

ಆ ಹೊತ್ತಿಗೆ ಟೀಚರ್ ಕೆಲಸ ಬಿಟ್ಟು ಗುಡೇಕೋಟೆಯ ಅಣ್ಣನ ಮನೆ ಸೇರಿದ್ದರು. ಮಂಡಿ ಹೋಗಿತ್ತು, ಮೂತ್ರಪಿಂಡವೂ ಕೈಕೊಟ್ಟಿತ್ತು. ಶ್ರಾವಣದಲ್ಲಿ ಕೂಡ್ಲಿಗಿಯಲ್ಲಿ ಬಸ್ಸು ಬದಲಿಸಿ ಒಬ್ಬಳೇ ಹೋದೆ. ಹಗ್ಗದ ಮಂಚದ ಮೇಲೆ ದಿಂಬಿಗೆ ಒರಗಿ ಕೂತಿದ್ದರು. ಅವರು ಕೂತಿರುವುದನ್ನು ನೋಡಿ ನನಗೆ ಹೇಳಬೇಕೆಂದುಕೊಂಡ ಮಾತೆಲ್ಲ ಮರೆತುಹೋಯಿತು.

"ಬರ್ರಿ. ಬೆಂಚಿಗೆ ಹಾಕ್ಯಾರ ನೋಡ್ರಿ ಮತ್ತ" ಅಂದರು.

ಕಾಲ ಬುಡದಲ್ಲಿ ಕೂತು, ಭಂಡಾರ ಕೊಟ್ಟವಳು ನಾನೇ, ನಿಮ್ಮ ಇಷ್ಟು ವರ್ಷದ ಆಸೆಗೆ ಮಣ್ಣು ಹಾಕಿದೆ ಅಂದೆ.

"ನಂಗ ಅವತ್ತ ಗೊತ್ತು. ಆಕಿ ಕೈ ನಾನ ತೊಳಿಸಿದ್ದು."

"ಮತ್ಯಾಕ ಹೇಳಲಿಲ್ರಿ?"

ದಿಂಬು ಸರಿಮಾಡಿಕೊಂಡರು. ಆಮೇಲೆ ಅಂದರು: "ಹೇಳಿದ್ರ ನೀವು ದೇವ್ರಿಗೆ ಕೈ ಮುಗಿಯೂದು ಬಿಡ್ತಿದ್ರಿ, ಇಲ್ಲಾ ಮಗಳನ್ನ ಆಟಕ್ಕ ಕಳ್ಸೂದು ಬಿಡ್ತಿದ್ರಿ. ಎರಡೂ ನಂಗ ಬ್ಯಾಡಾಗಿತ್ತು. ಮತ್ತ ಕೈ ನೋಡಿ ಒಳಗ ಬಿಡೂದು ನನ್ನ ಕೆಲಸ ಇತ್ತು. ನಾನು ಅಲ್ಲಿ ನಿಂತಿದ್ದ ಭಾರತದ ಅಂಗಿಯವ್ರನ್ನ ನೋಡ್ಕೋತ ಮೈಮರ್ತೆ, ಕೊಟ್ರಮ್ಮ."

ಬೇಸರವಿಲ್ಲವೇ ಅಂತ ಕೇಳಿದೆ. ಐತಿ, ದಿನಾ ಐತಿ ಅಂದರು. ಸುಳ್ಳು ಹೇಳಲಿಲ್ಲವಲ್ಲ ಅಂತ ನನಗೆ ಅದೇ ಒಂದು ಸಮಾಧಾನ. ಹೊರಡುವಾಗ ನನ್ನ ಕೈ ಹಿಡಿದುಕೊಂಡು ಮೈಲಾರಕ್ಕೆ ಹೋದರೆ ನನ್ನ ಹೆಸರಲ್ಲೂ ಒಂದು ಕಾಯಿ ಒಡೆಸಿರಿ ಅಂದರು. ಒಡೆಸಿದೆ. ಹೇಳಿ ಬರಲಿಕ್ಕೆ ಮತ್ತೆ ಹೋಗುವುದಾಗಲಿಲ್ಲ.

ಫೋನಿಟ್ಟು ಇಷ್ಟೆಲ್ಲ ನೆನೆಯುವಷ್ಟರಲ್ಲಿ ಬಿಸಿಲು ಅಂಗಳಕ್ಕೆ ಬಂದಿತ್ತು. ಚೀಲದ ಬಾಯಿ ಕಟ್ಟಿ ಮೂಲೆಗಿಟ್ಟೆ. ಸಾವಿನ ಮನೆಯಲ್ಲಿ ಇವತ್ತು ಒಲೆ ಹಚ್ಚುವುದಿಲ್ಲ. ಬುತ್ತಿ ನಾವೇ ಒಯ್ಯಬೇಕು. ಸೋಪು ಹಚ್ಚಿ ಎರಡು ಸಲ ಕೈ ತೊಳೆದು, ಟೀಚರ ಅಣ್ಣನ ಮನೆಯವರಿಗೆ ಆಗುವಷ್ಟು ಜೋಳದ ಹಿಟ್ಟು ತೆಗೆದುಕೊಂಡೆ. ಮತ್ತೆ ದಾಕ್ಷಿಯ ಫೋನ್. ಹರಪನಹಳ್ಳಿಯಿಂದ ನರ್ಸ್ ಕೆಲಸದ ಹುಡುಗಿ ಹೊರಟಿದ್ದಾಳೆ, ಹಗರಿಬೊಮ್ಮನಹಳ್ಳಿಯವರು ಆಗಲೇ ಬಸ್ಸು ಹತ್ತಿದ್ದಾರೆ, ಕೂಡ್ಲಿಗಿಯಿಂದಲೂ ಬರುತ್ತಿದ್ದಾರೆ, ಎಲ್ಲ ಟೀಚರ ಹತ್ತಿರ ಆಡಿದವರು, ಯಾರೂ ಉಂಡಿಲ್ಲ ಅಂದಳು.

"ಎಷ್ಟು ಮಂದಿ ಆಗ್ತೀರಿ?" ಅಂದೆ.

ಬಾಯಲ್ಲೇ ಹೆಸರು ಎಣಿಸಿಕೊಂಡಳು. "ಎರಡು ತಂಡ ಆಗ್ತೀವವ್ವ. ಬೆಂಚಿಗೂ ಮಂದಿ ಉಳಿತಾರ."

ಡಬ್ಬಿಯಲ್ಲಿದ್ದ ಹಿಟ್ಟನ್ನೆಲ್ಲ ಪರಾತಕ್ಕೆ ಸುರಿದುಕೊಂಡೆ. ದೊಡ್ಡ ಪಾತ್ರೆಯಲ್ಲಿ ನೀರು ಕಾಯಲಿಟ್ಟು, ರೊಟ್ಟಿಗೆ ಕೂತೆ.