ಹಿಂದಕ್ಕೆ ಹೋಗುವ ಕೀಲಿ

ತಿಕೋಟಾದ ನಿವೃತ್ತ ಶಿಕ್ಷಕಿಯೊಬ್ಬರು, ತೀರಿಹೋದ ತಾಯಿ ಹಾಡಿದ್ದ ಬೀಸುವ ಹಾಡುಗಳನ್ನು ಹಳೇ ಕ್ಯಾಸೆಟ್‌ನಿಂದ ಕಂಪ್ಯೂಟರಿಗೆ ಹಾಕಿಸಿಕೊಂಡು, ಕೇಳುತ್ತ ಟೈಪ್ ಮಾಡುತ್ತಿದ್ದರು. “ಹಾಡು ನಿಲ್ಲಸಾಕ ಸಲಸಲಕ್ಕೂ ಮೌಸ್ ಹಿಡದ್ರ ಟೈಪಿಂಗ್ ತಪ್ತೈತಿ ನೋಡ್ರಿ,” ಎಂದು ವಿಜಯಪುರದಲ್ಲಿ ಕಂಪ್ಯೂಟರ್ ರಿಪೇರಿ ಮಾಡುವ ನನ್ನನ್ನು ಕರೆಸಿದರು.

ಕೀಬೋರ್ಡಿನ ಒಂದು ಕೀಲಿ ಒತ್ತಿದರೆ ಹಾಡು ನಿಲ್ಲುವಂತೆ, ಪಕ್ಕದ್ದನ್ನು ಒತ್ತಿದರೆ ತುಸು ಹಿಂದಕ್ಕೆ ಹೋಗುವಂತೆ ಹೊಂದಿಸಿಕೊಟ್ಟೆ. ಅವರು ಹಿಂದಕ್ಕೆ ಹೋಗುವುದನ್ನೇ ಮತ್ತೆ ಮತ್ತೆ ಒತ್ತತೊಡಗಿದರು.

“ಶಬ್ದ ತಿಳೀವಲ್ದೇನ್ರಿ ಟೀಚರ್?”

“ತಿಳದೈತ್ರಿ. ಹಾಡಿನ ನಡುವ ಅವ್ವ ನನ್ನ ಬೈದಾಳ. ‘ಹಾಲು ಉಕ್ಕಾಕತ್ತೈತಿ, ಎಲ್ಲಿ ನೋಡಾಕತ್ತೀಯೇ ಹುಚ್ಚಿ’ ಅಂತ.”

“ಅದನ್ನೂ ಟೈಪ್ ಮಾಡ್ತೀರೇನ್ರಿ?”

“ಬ್ಯಾಡ್ರಿ. ಅದು ನನಗಷ್ಟ ಬೈದದ್ದು.”

ಟೈಪಿಂಗ್ ಚುರುಕಾಗಲೆಂದೇ ನನ್ನನ್ನು ಕರೆಸಿದ್ದರು. ನಾನು ಚಹಾ ಕುಡಿದು ಏಳುವವರೆಗೂ ಅವರು ಬೈಸಿಕೊಳ್ಳುತ್ತಲೇ ಇದ್ದರು.